ಆಪರೇಷನ್‌ಗೆ ಮುಂಚೆ ಈ ಸಿನಿಮಾ ಬೇಡ

ಪಿತ್ತಕೋಶದ ಕಲ್ಲು ತೆಗೆಸೋಕೆ ಮೂರು ದಿನ ಬಾಕಿ ಇತ್ತು. ಗೆಳತಿ ಫೋನ್ ಮಾಡಿ, ‘ದ ಸ್ಕಿನ್ ಐ ಲಿವ್ ಇನ್’ ನೋಡೇ, ಅದರ ಬಗ್ಗೆ ಮೊದಲೇ ಒಂದಕ್ಷರವೂ ಓದಬೇಡ, ಮಜಾ ಹೋಗುತ್ತೆ ಅಂದಳು. ಕೇಳಿ ಕೆಟ್ಟೆ.

2011ರ ಸ್ಪ್ಯಾನಿಷ್ ಚಿತ್ರ, ಪೆದ್ರೊ ಅಲ್ಮೊದೊವರ್ ನಿರ್ದೇಶನ. ಮುಖವಾಡದ ವೀರ ಜೋರೋ ಆಗಿ ಕತ್ತಿ ಬೀಸಿದ ನಟ ಆಂಟೊನಿಯೊ ಬಂದೆರಾಸ್ ಇದ್ದಾನೆ ಅಂತ ಅಮ್ಮನನ್ನೂ ಕೂರಿಸಿಕೊಂಡೆ. (ಅದು ಎರಡನೇ ತಪ್ಪು.) ಇಲ್ಲಿ ಅವನು ತೊಲೆದೊ ಊರಿನ ಪ್ಲಾಸ್ಟಿಕ್ ಸರ್ಜನ್. ಹೆಂಡತಿ ಕಾರು ಅಪಘಾತದಲ್ಲಿ ಮೈ ಸುಟ್ಟುಕೊಂಡಿದ್ದವಳು. ಈಗ ಬೆಂಕಿಗೂ ಸೊಳ್ಳೆಗೂ ಜಗ್ಗದ ಚರ್ಮ ತಯಾರಿಸ್ತಿದ್ದಾನೆ. ಮನೆಯ ಕೋಣೆಯೊಂದರಲ್ಲಿ ಒಬ್ಬಳು ಹೆಣ್ಣು, ಮೈಗಂಟಿದ ಬಟ್ಟೆ ತೊಟ್ಟು ಯೋಗ ಮಾಡ್ತಾಳೆ. ಇವನು ದೊಡ್ಡ ಪರದೆಯಲ್ಲಿ ಅವಳನ್ನೇ ನೋಡ್ತಾ ಕೂರ್ತಾನೆ. “ಇವಳು ಪೇಷೆಂಟಾ, ಕೈದಿಯಾ?” ಅಂದಳು ಅಮ್ಮ.

ಅಷ್ಟರಲ್ಲಿ ಅತ್ಯಾಚಾರದ ದೃಶ್ಯ ಬಂತು. ಹಾಲು ಉಕ್ಕುತ್ತೆ ಅಂತ ಎದ್ದು ಹೋದ ಅಮ್ಮ ವಾಪಸ್ ಬರಲಿಲ್ಲ. ಒಲೆ ಮೇಲೆ ಹಾಲೇ ಇರಲಿಲ್ಲ.

ಮುಂದಿನದು ಕತೆಯ ಗುಟ್ಟು, ಹೇಳದಿದ್ದರೆ ಎಚ್ಚರಿಸಿದ ಹಾಗಾಗಲ್ಲ. ಕತೆ ಆರು ವರ್ಷ ಹಿಂದಕ್ಕೆ ಹೋಗುತ್ತೆ. ಆ ಹೆಣ್ಣು ಮೊದಲು ಒಬ್ಬ ಹುಡುಗ, ತಾಯಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಡಾಕ್ಟರು ಸೇಡಿಗೆ ಅವನನ್ನು ಹೊತ್ತೊಯ್ದು, ಒಪ್ಪಿಗೆಯಿಲ್ಲದೆ ಮೈ, ಮುಖ, ಹೆಸರು ಎಲ್ಲ ಬದಲಾಯಿಸ್ತಾನೆ. ರಕ್ತ ಕಂಡು ಹೆದರಿದ್ದಲ್ಲ ನಾನು. ಹುಡುಗನಿಗೆ ಎಚ್ಚರವಾದಾಗ ತಾನು ಮಾಡಿದ ಆಪರೇಷನ್ ಏನು ಅಂತ ಡಾಕ್ಟರು ಡಿಸ್ಚಾರ್ಜ್ ಚೀಟಿ ಓದಿದ ಹಾಗೆ ತಣ್ಣಗೆ ಹೇಳ್ತಾನಲ್ಲ, ಅಲ್ಲಿ ಅಂಗೈ ಬೆವೆತುಹೋಯ್ತು.

ಡಾಕ್ಟರ ಹೆಂಡತಿಯ ಆತ್ಮಹತ್ಯೆಯೂ ಇದೆ, ಪುಟ್ಟ ಮಗಳ ಕಣ್ಣೆದುರೇ. ಮನೆಯಲ್ಲಿ ಅಂಥದ್ದನ್ನು ಕಂಡವರು ಇದರ ತಂಟೆಗೇ ಹೋಗಬೇಡಿ. ಕೆಟ್ಟ ಚಿತ್ರ ಅಂತಲ್ಲ, ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಬಂದಿದೆ. ಕೋಣೆಯ ಹೆಣ್ಣಾಗಿ ನಟಿಸಿದ ಎಲೆನಾ ಅನಾಯಾಳ ಕಣ್ಣು ಇವತ್ತಿಗೂ ಮರೆತಿಲ್ಲ. ಕಷ್ಟ ಇರೋದೂ ಅದರಲ್ಲೇ.

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರದ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದೆ. ನರ್ಸು ಪೆನ್ ಹಿಡಿದು ನಿಂತೇ ಇದ್ದರು. ಬಿಪಿ ಏರಿ, ಇಳಿಯೋ ತನಕ ಎಲ್ಲರೂ ಕಾದರು. ಅರಿವಳಿಕೆ ಕೊಡೋ ಡಾಕ್ಟರು ಪಾಪ, “ಏನೂ ಹೆದರಬೇಡಿ, ಎದ್ದಾಗ ಎಲ್ಲ ಮುಗಿದಿರುತ್ತೆ” ಅಂದರು. ನನಗೆ ಹೇಳಬಾರದಿದ್ದ ಮಾತು ಅದೊಂದೇ. ಎಚ್ಚರಾದ ಕೂಡಲೇ ಹೊಟ್ಟೆಯಲ್ಲ, ಮುಖ ಮುಟ್ಟಿ ನೋಡಿಕೊಂಡೆ.

ಗೆಳತಿ ಮರುದಿನ ಸೇಬು ಹಿಡಿದು ಬಂದಿದ್ದಳು. ಅಮ್ಮ ಕಾಫಿ ಕೊಟ್ಟಳು, ಸಕ್ಕರೆ ಹಾಕದೆ.