ಮೂಗಿಗಿಂತ ಮೂಗುತಿ ಭಾರ: ಅಗ್ಗದ ಯುದ್ಧಗೊಂಬೆಗಳೂ ಎರಡು ಸ್ಪ್ರೇ ಡಬ್ಬಿಗಳೂ

ಮಳೆಗಾಲ ಶುರುವಾಗಿದೆ. ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆಂದು ಬಣ್ಣ ಬಳಿದು ಮುಗಿಸಿದ ಪುಟ್ಟ ಗೊಂಬೆಗಳನ್ನು ತಾರಸಿಗೆ ಒಯ್ದು ವಾರ್ನಿಶ್ ಹೊಡೆಯಲು ಯಾರಾದರೂ ಹೊರಟಿದ್ದರೆ, ಡಬ್ಬಿಯನ್ನು ಕೆಳಗಿಟ್ಟು ಮೊದಲು ಇದನ್ನು ಓದಿ. ಹೋದ ವರ್ಷ ನಾನು ಎರಡು ಡಬ್ಬಿಗಳಿಂದ ಎರಡು ಪಡೆಗಳನ್ನು ಕೆಡಿಸಿಕೊಂಡೆ. ಎದುರಾಳಿಯ ಕತ್ತಿಗೆ ಬಿದ್ದದ್ದು ಒಂದೂ ಇಲ್ಲ.

ನಾವು ಆಡುವುದು ಫ್ರಾಸ್ಟ್‌ಗ್ರೇವ್. 2015ರಲ್ಲಿ ಬಂದ ಆಟ. ಹಿಮದಡಿ ಹೂತುಹೋಗಿದ್ದ ಮಾಂತ್ರಿಕರ ನಗರವೊಂದು ಕರಗಿ ಹೊರಬರುತ್ತಿದೆ, ಅದರ ಪಾಳಿನಲ್ಲಿ ನಿಧಿ ಹುಡುಕಬೇಕು. ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಹೆಚ್ಚೆಂದರೆ ಎಂಟು ಸೈನಿಕರು, ಇಪ್ಪತ್ತು ಮುಖದ ದಾಳ, ಅಷ್ಟೇ. ಇಂಥ ಕಂಪನಿಯ ಗೊಂಬೆಯೇ ಬೇಕೆಂಬ ಹಠ ಈ ಆಟಕ್ಕಿಲ್ಲ. 28 ಮಿಲಿಮೀಟರ್ ಅಳತೆಯ ಯಾವ ಗೊಂಬೆಯಾದರೂ ನಡೆಯುತ್ತದೆ. ನನ್ನಂಥ ಜಿಪುಣರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಆನ್‌ಲೈನ್‌ನಲ್ಲಿ 450 ರೂಪಾಯಿಗೆ 24 ಗೊಂಬೆಗಳ ಪೊಟ್ಟಣ ಸಿಕ್ಕಿತು. ಬಿಲ್ಲುಗಾರರು, ಗಡ್ಡದ ಕುಳ್ಳರು, ಮುಸುಕು ಹಾಕಿದ ಒಬ್ಬ ಮುದುಕ. ವಿವರಣೆಯಲ್ಲಿ ‘ಪ್ಲಾಸ್ಟಿಕ್’ ಎಂದಷ್ಟೇ ಇತ್ತು. ಯಾವ ಪ್ಲಾಸ್ಟಿಕ್ ಎಂದು ನಾನು ಕೇಳಲಿಲ್ಲ.

ಬಂದ ಗೊಂಬೆಗಳ ಕತ್ತಿಯನ್ನು ಬಗ್ಗಿಸಿದರೆ ರಬ್ಬರಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು. ‘ಮುರಿಯುವುದಿಲ್ಲವಲ್ಲ’ ಎಂದು ಸಂತೋಷಪಟ್ಟೆ. ಎಚ್ಚೆತ್ತುಕೊಳ್ಳಬೇಕಿದ್ದದ್ದು ಅಲ್ಲೇ. ಬಾಗುವುದು ಮೃದು ಪಿವಿಸಿ. ಪಾಲಿಸ್ಟೈರೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಪಟ್ಟೆಂದು ಮುರಿಯುತ್ತಿತ್ತು. ಪಿವಿಸಿಯನ್ನು ಮೆತ್ತಗಿಡಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತುವನ್ನು ಬೆರೆಸಿರುತ್ತಾರೆ. ಅದು ನಿಧಾನವಾಗಿ ಮೇಲಿನ ಬಣ್ಣದೊಳಕ್ಕೂ ಏರುತ್ತದೆ. ಸ್ಪ್ರೇ ಬಣ್ಣದ ದ್ರಾವಕ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇದನ್ನೆಲ್ಲ ಓದಿ ತಿಳಿದುಕೊಂಡದ್ದು ಕೆಟ್ಟ ಮೇಲೆ.

ನಾನು ಮಾಡಿದ್ದು ಇಷ್ಟು: ಹಾರ್ಡ್‌ವೇರ್ ಅಂಗಡಿಯಿಂದ ವಾಹನಗಳಿಗೆ ಹೊಡೆಯುವ ಕಪ್ಪು ಸ್ಪ್ರೇ ತಂದು, ನೀರಿನ ಟ್ಯಾಂಕ್ ಪಕ್ಕ ಹಳೆಯ ಪತ್ರಿಕೆ ಹಾಸಿ, 24ಕ್ಕೂ ಒಂದೇ ಸಲ ಹೊಡೆದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ. ಮರುದಿನ ಮುಟ್ಟಿದರೆ ಅಂಟು. ಬಿಸಿಲಿಗಿಟ್ಟೆ, ಇನ್ನಷ್ಟು ಅಂಟು. ಮೂರು ವಾರ ಕಳೆದರೂ ಎತ್ತಿದ ಬೆರಳಿನ ಗುರುತು ಮುದುಕನ ಬೆನ್ನಿನ ಮೇಲೆ ರೇಖೆ ರೇಖೆಯಾಗಿ ಮೂಡುತ್ತಿತ್ತು. ಹಾಸಿದ್ದ ಪತ್ರಿಕೆಯ ಅಕ್ಷರಗಳು ಕೂಡ ಒಬ್ಬ ಬಿಲ್ಲುಗಾರನ ಕಾಲಡಿ ಹತ್ತಿಕೊಂಡಿದ್ದವು. ಮನೆಯ ದೂಳೆಲ್ಲ ಕುಳ್ಳರ ಗಡ್ಡಕ್ಕೆ ಸೇರಿತು. ಅಮ್ಮ ನೋಡಿ, “ಇವುಗಳನ್ನು ದಸರಾ ಬೊಂಬೆಗಳ ಜೊತೆ ಮಾತ್ರ ಇಡಬೇಡಪ್ಪ” ಎಂದರು.

ಆಮೇಲಿನದು ಶುದ್ಧ ಅವಿವೇಕ. ಬಣ್ಣ ಬಿಡಿಸಲೆಂದು ತಂಗಿಯ ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ನಾಲ್ಕನ್ನು ಮುಳುಗಿಸಿದೆ. ಅದರಲ್ಲಿದ್ದದ್ದು ಅಸಿಟೋನ್. ಬಣ್ಣದ ಜೊತೆಗೆ ಮೂಗು, ಬಾಯಿ, ಬೆರಳು ಎಲ್ಲ ಹೋಗಿ, ಗೊಂಬೆಗಳು ಉಬ್ಬಿ, ನೆನೆಸಿಟ್ಟ ಅವರೆಕಾಳಿನಂತಾದವು. ಗಟ್ಟಿ ಪ್ಲಾಸ್ಟಿಕ್ಕಿನವಾಗಿದ್ದರೆ ಕರಗಿ ಮುದ್ದೆಯೇ ಆಗುತ್ತಿದ್ದವು. ಆಕ್ರಿಲಿಕ್ ಬಣ್ಣ ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಅದನ್ನೂ ಮೊದಲು ಒಂದೇ ಗೊಂಬೆಯ ಮೇಲೆ ಪರೀಕ್ಷಿಸಿ, ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು ಮಾಡಬೇಕು.

ಎರಡನೆಯ ಪಡೆಗೆ ಬುದ್ಧಿ ಉಪಯೋಗಿಸಿದೆ, ಮುಕ್ಕಾಲು ಪಾಲು. ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳನ್ನು ತಂದೆ. ಪಾತ್ರೆ ಸೋಪಿನಲ್ಲಿ ತೊಳೆದೆ. ಬಣ್ಣಕ್ಕೆ ಮೊದಲು ಬಳಿಯುವ ತಳಲೇಪವನ್ನು, ಅಂದರೆ ನೀರಿನಲ್ಲಿ ಕರಗುವ ಆಕ್ರಿಲಿಕ್ ಪ್ರೈಮರನ್ನು, ಕುಂಚದಿಂದಲೇ ಬಳಿದೆ. (ಮೃದು ಪಿವಿಸಿಗೂ ಸರಿಯಾದ ದಾರಿ ಇದೇ. ಬಾಗಿದ ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ.) ಎರಡು ತಿಂಗಳು, ರಾತ್ರಿ ಊಟವಾದ ಮೇಲೆ ಒಂದೊಂದು ಗಂಟೆ ಕೂತೆ. ಮಾಂತ್ರಿಕನ ಕಡುನೀಲಿ ನಿಲುವಂಗಿಯ ಅಂಚಿಗೆ ಕೂದಲೆಳೆಯಷ್ಟು ತೆಳುವಾದ ಹಳದಿ ಗೆರೆ ಎಳೆದಿದ್ದೆ. ಅಂಥ ಗೆರೆ ನನ್ನ ಕೈಯಿಂದ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಆಗಸ್ಟ್ ತಿಂಗಳ ಒಂದು ಶನಿವಾರ. ಬೆಂಗಳೂರಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಭಾನುವಾರ ಆಟವಿತ್ತು. ಸಂಜೆ ಐದಕ್ಕೆ ಮಳೆ ನಿಂತ ಹತ್ತು ನಿಮಿಷದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಡಬ್ಬಿ ಹಿಡಿದು ತಾರಸಿಗೆ ಓಡಿದೆ. ಹೊಡೆದಾಗ ಎಲ್ಲ ಚೆನ್ನಾಗಿಯೇ ಇತ್ತು. ಕಾಫಿ ಕುಡಿದು ಬಂದು ನೋಡಿದರೆ ಹತ್ತೂ ಗೊಂಬೆಗಳ ಮೇಲೆ ವಿಭೂತಿ ಎರಚಿದಂತೆ ಬಿಳುಪು. ಹಳದಿ ಗೆರೆ ಮಂಜಿನೊಳಗೆ ಮುಳುಗಿತ್ತು. ಉಜ್ಜಿದೆ, ಊದಿದೆ, ಹೋಗಲಿಲ್ಲ.

ಸ್ಪ್ರೇಯ ದ್ರಾವಕ ಸರಸರನೆ ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಹಸಿ ವಾರ್ನಿಶ್ ಮೇಲೆ ಇಳಿದು ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಮ್ಯಾಟ್ ವಾರ್ನಿಶ್‌ನಲ್ಲಿ ಹೊಳಪು ಅಡಗಿಸುವ ಪುಡಿ ಡಬ್ಬಿಯ ತಳದಲ್ಲಿ ಕೂತಿರುತ್ತದೆ. ಚೆನ್ನಾಗಿ ಕುಲುಕದಿದ್ದರೆ ಒಣ ಹವೆಯಲ್ಲೂ ಹೀಗಾಗಬಹುದು. ನಾನು ಕುಲುಕಿದ್ದು ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇಯನ್ನು ಮರೆತುಬಿಡುವುದೇ ವಾಸಿ. ಕುಂಚದಿಂದ ಬಳಿಯುವ ವಾರ್ನಿಶ್ ಇದೆ, ನಿಧಾನ, ಆದರೆ ಮಳೆಗೆ ಅಂಜುವುದಿಲ್ಲ. ಸ್ಪ್ರೇಯೇ ಬೇಕೆಂದರೆ ಕೆಲಸಕ್ಕೆ ಬಾರದ ಒಂದು ಗೊಂಬೆಗೆ ಹೊಡೆದು, ಪೂರ್ತಿ ಒಣಗಿದ ಮೇಲೆ ನೋಡಿ ಮುಂದುವರಿಯಿರಿ. ಹತ್ತನ್ನೂ ಸಾಲಾಗಿ ನಿಲ್ಲಿಸಬೇಡಿ.

ಬಿಳುಪಿನ ಮೇಲೆ ಹೊಳೆಯುವ ವಾರ್ನಿಶನ್ನು ಕುಂಚದಿಂದ ತೆಳ್ಳಗೆ ಬಳಿದಾಗ ಆರು ಗೊಂಬೆಗಳ ಬಣ್ಣ ಮರಳಿತು. ಮೂರು ಅರೆಬರೆ. ಮಾಂತ್ರಿಕನ ನಿಲುವಂಗಿಯ ಮಡಿಕೆಗಳಲ್ಲಿ ಬೂದು ಇನ್ನೂ ಹಾಗೇ ಇದೆ. ಹಿಮನಗರದಲ್ಲಿ ಹಿಮ ಬೀಳುವುದಿಲ್ಲವೇ ಎಂದು ಭಾನುವಾರ ಗೆಳೆಯರು ಸಮಾಧಾನ ಹೇಳಿದರು. ಮೊದಲ ಪಡೆಯ ಉಳಿದ ಇಪ್ಪತ್ತು ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿವೆ. ಇದನ್ನು ಬರೆಯುವ ಮೊದಲು ಅಟ್ಟ ಹತ್ತಿ ಮುಟ್ಟಿ ನೋಡಿದೆ. ವರ್ಷದ ಮೇಲಾಯಿತು, ಮುದುಕನ ಬೆನ್ನು ಇನ್ನೂ ಬೆರಳಿಗೆ ಅಂಟುತ್ತದೆ.