ಅರ್ಧ ದಿನದ ಕೋಟೆ ಟೂರ್: ಡ್ರೈವರ್ ಪಾಸ್, ಗೈಡ್ ಫೇಲ್

ಸಾಗರದಿಂದ ಭಾವ ಬಂದಿದ್ದರು. ಅವರನ್ನೂ ಅಪ್ಪನನ್ನೂ ಕರೆದುಕೊಂಡು, ಕಾಸರಗೋಡು ಪೇಟೆಯಿಂದ ಕೋಟೆ ಸುತ್ತಿಸುವವರ ಕಾರಿನಲ್ಲಿ ಹೋದೆ. ಗೈಡ್ ಸೇರಿ 2,200 ರೂಪಾಯಿ. ಹೆಸರು ಹೇಳುವುದಿಲ್ಲ, ಪಾಪ, ಹುಡುಗರು ಹೊಸಬರು.

ಡ್ರೈವರ್ ಬಗ್ಗೆ ಮಾತಿಲ್ಲ. ಹೇಳಿದ ಹೊತ್ತಿಗೆ ಬಂದ. ಅಪ್ಪನ ಮೊಣಕಾಲು ನೋವು ಗೊತ್ತಾದ ಕೂಡಲೇ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿಕೊಟ್ಟ.

ಎಡವಟ್ಟಾದದ್ದು ಬೇಕಲದಲ್ಲಿ. ಬುರುಜಿನ ಮೇಲೆ ನಿಂತು ಗೈಡ್ "ಈ ಕೋಟೆ ಕಟ್ಟಿಸಿದ್ದು ಟಿಪ್ಪು" ಎಂದ. ಭಾವನ ಊರಿನಿಂದ ಕೆಳದಿ ಕೂಗಳತೆ ದೂರ. ಸುಮ್ನಿರುತ್ತಾರಾ? "ತಮ್ಮಾ, ಟಿಪ್ಪು ಬಂದದ್ದು ನೂರು ವರ್ಷ ಕಳೆದ ಮೇಲೆ. ಇದು ಕೆಳದಿ ಶಿವಪ್ಪನಾಯಕನದ್ದು, 1650ರ ಸುಮಾರು." ಹುಡುಗ ಫೋನ್ ನೋಡಿದ. ಆಮೇಲೆ ಇಲ್ಲಿ ನಡೆದ ಸಿನಿಮಾ ಶೂಟಿಂಗ್ ಕಥೆಗೆ ಜಾರಿದ.

ಅಪ್ಪ ಅಷ್ಟರಲ್ಲಿ ಗೋಡೆಯ ಹತ್ತಿರ ಕೂತಿದ್ದರು. ಮುರಕಲ್ಲಿನ ತೂತುಗಳಲ್ಲಿ ಪುಟ್ಟ ಜರಿಗಿಡ, ಬೆರಳಿಟ್ಟರೆ ಕೆಂಪು ಪುಡಿ. ನಮ್ಮ ಹಳೇ ಮನೆಯ ಗೋಡೆಯೂ ಹೀಗೇ.

ಚಂದ್ರಗಿರಿ ಕೋಟೆಯಲ್ಲಿ ಭಾವ ಕೇಳಿದರು: "ಎರಡೂ ಶಿವಪ್ಪನಾಯಕನದ್ದೇ ಅಲ್ವಾ, ನೋಡಿಕೊಳ್ಳುವ ಇಲಾಖೆ ಯಾಕೆ ಬೇರೆ?" ಗೈಡ್ "ಗವರ್ಮೆಂಟು ಸರ್" ಅಂದ, ಅಷ್ಟೇ! ಬೇಕಲ ಕೇಂದ್ರದ ಪುರಾತತ್ವ ಇಲಾಖೆಯದ್ದು, ಅದರ ಈ ಭಾಗದ ಆಫೀಸು ತ್ರಿಶೂರಿನಲ್ಲಿ. ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಚಂದ್ರಗಿರಿ ಕೇರಳ ಸರ್ಕಾರದ ಇಲಾಖೆಗೆ ಸೇರಿದ್ದು, ಅದರ ಕಾನೂನೇ ಬೇರೆ, 1968ರದ್ದು. ಕೋಟೆ ನೋಡಲು ದುಡ್ಡು ಕೊಟ್ಟವರಿಗೆ ಇಷ್ಟಾದರೂ ಹೇಳಬೇಕಲ್ಲ.

ಉಳಿದದ್ದನ್ನು ಅಪ್ಪ ಹೇಳಿದರು. 1956ರ ನವೆಂಬರ್ 1ಕ್ಕೆ ಅವರು ನಾಲ್ಕನೇ ಕ್ಲಾಸು. ಅಲ್ಲಿಯವರೆಗೆ ನಮ್ಮದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆ. ಅವತ್ತು ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು, ನಾವು ಕೇರಳಕ್ಕೆ. ಕೆಳದಿ ಒಂದು ರಾಜ್ಯದಲ್ಲಿ, ಅದರ ಕೋಟೆಗಳು ಇನ್ನೊಂದರಲ್ಲಿ. "ಚಂದ್ರಗಿರಿ ನದಿಯ ಆಚೆ ಈಚೆ ಗಡಿ ಅಂತ ಜಗಳವಾಯಿತು, ಕೋಟೆಯನ್ನು ಯಾರೂ ಕೇಳಲಿಲ್ಲ" ಅಂದರು.

ಐದರಲ್ಲಿ ಮೂರು ಕೊಡುತ್ತೇನೆ. ಎರಡು ಡ್ರೈವರಿಗೆ. ಇನ್ನೊಂದು ಗೈಡಿಗೆ, ಯಾಕೆಂದರೆ ಇಳಿಯುವಾಗ "ಅಜ್ಜಾ, ಆ ಇಸವಿ ಇನ್ನೊಮ್ಮೆ ಹೇಳಿ" ಎಂದು ಕೇಳಿ ಫೋನಿನಲ್ಲಿ ಬರೆದುಕೊಂಡ.