ಹದಿನೇಳರ ಹುಡುಗ ಸ್ಟೇಷನ್‌ನಲ್ಲಿದ್ದಾನೆ: ತುಮಕೂರಿನವರಿಗೆ ಉಚಿತ ಕಾನೂನು ನೆರವು ಎಷ್ಟು ಕೆಲಸಕ್ಕೆ ಬರುತ್ತದೆ?

ತುಮಕೂರು ಜಿಲ್ಲೆಯ ಯಾವ ತಾಲ್ಲೂಕಿನಲ್ಲೇ ಇರಲಿ, ಹದಿನೆಂಟು ತುಂಬದ ಹುಡುಗನ ಮೇಲೆ ಕೇಸು ಬಿದ್ದರೆ ಅವನಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಕ್ಕಳಿಗೂ ಕಸ್ಟಡಿಯಲ್ಲಿ ಇರುವವರಿಗೂ ಈ ನೆರವು ಸಿಗಲು ಆದಾಯದ ಮಿತಿಯೇ ಇಲ್ಲ. ಹಾಗಾಗಿ ಬಿಪಿಎಲ್ ಕಾರ್ಡ್ ತನ್ನಿ, ಆದಾಯ ಪ್ರಮಾಣ ಪತ್ರ ತನ್ನಿ ಎಂದು ಯಾರಾದರೂ ಓಡಾಡಿಸಿದರೆ ಈ ಕಲಂ ಹೆಸರು ಹೇಳಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೋ ಒಂದು ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಆಯಿತು.

ಸೇವೆ ಒಳ್ಳೆಯದು. ಆದರೆ ಕೇಳಿದವರಿಗಷ್ಟೇ ಸಿಗುತ್ತದೆ, ಅದೇ ಅದರ ದೊಡ್ಡ ಕೊರತೆ. ವಕೀಲರು ಬರುವ ಹೊತ್ತಿಗೆ ಹುಡುಗನ ವಯಸ್ಸು ಕಾಗದದಲ್ಲಿ ಬರೆದಾಗಿರುತ್ತದೆ. ಆ ಒಂದು ಅಂಕಿ ತಪ್ಪಿದರೆ ಉಳಿದ ಕಾನೂನೆಲ್ಲ ಇದ್ದೂ ಇಲ್ಲದಂತೆ.

ವಯಸ್ಸು ಯಾಕೆ ತಪ್ಪಾಗಿ ದಾಖಲಾಗುತ್ತದೆ? ಪ್ರತಿ ಸಲವೂ ಪೊಲೀಸರ ದುರುದ್ದೇಶದಿಂದಲ್ಲ. ಕಾರ್ಖಾನೆಯಲ್ಲೋ ಗೋಡೌನಿನಲ್ಲೋ ಕೆಲಸ ಸಿಗಲಿ ಎಂದು ಹುಡುಗರು ಹತ್ತೊಂಬತ್ತು ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ, ಸ್ಟೇಷನ್‌ನಲ್ಲೂ ಅದೇ ಬಾಯಿಗೆ ಬರುತ್ತದೆ. ಮೀಸೆ ಚಿಗುರಿದ್ದರೆ ಎದುರು ಕೂತವರೂ ಮತ್ತೆ ಕೇಳುವುದಿಲ್ಲ. ಆಮೇಲೆ ಮನೆಯವರು ಆಧಾರ್ ಹಿಡಿದು ಓಡುತ್ತಾರೆ, ಅದರಲ್ಲಿ ಜನವರಿ 1 ಎಂಬ ಅಂದಾಜು ತಾರೀಖು. ಆಧಾರ್ ಗುರುತಿನ ಚೀಟಿಯೇ ಹೊರತು ಹುಟ್ಟಿದ ದಿನಕ್ಕೆ ಪುರಾವೆಯಲ್ಲ, 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಹೇಳಿದೆ.

2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಒಪ್ಪುವ ದಾಖಲೆಗಳಿಗೆ ಒಂದು ಕ್ರಮವಿದೆ. ಮೊದಲನೆಯದು ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣ ಪತ್ರ ಅಥವಾ ಎಸ್ಎಸ್ಎಲ್‌ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ಮಾತ್ರ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣ ಪತ್ರ. ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ, ಆದೇಶವಾದ 15 ದಿನದೊಳಗೆ ಅದು ಮುಗಿಯಬೇಕು. ಅನೇಕರು ಎಡವುವುದು ಮೊದಲ ಮೆಟ್ಟಿಲಲ್ಲೇ: ಟಿಸಿ ತಂದು ಕೊಟ್ಟು ಸುಮ್ಮನಾಗುತ್ತಾರೆ. ಟಿಸಿ, ದಾಖಲಾತಿ ರಿಜಿಸ್ಟರಿನ ನಕಲು ಈ ಕಲಂ ಕೇಳುವ ದಾಖಲೆಗಳಲ್ಲ ಎಂದು 2023ರ ಯುವಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಖ್ಯ ಶಿಕ್ಷಕರಿಂದ ಶಾಲೆಯ ಲೆಟರ್‌ಹೆಡ್‌ನಲ್ಲೇ, ಸಹಿ ಸೀಲಿನೊಂದಿಗೆ, ಜನ್ಮ ದಿನಾಂಕದ ಪ್ರತ್ಯೇಕ ಪ್ರಮಾಣ ಪತ್ರ ಬರೆಸಿಕೊಳ್ಳಿ. ಜನನ ಪ್ರಮಾಣ ಪತ್ರವಿದ್ದರೆ ಅದನ್ನೂ ಜೊತೆಗಿಡಿ, ಎರಡರಲ್ಲೂ ಒಂದೇ ತಾರೀಖು ಇದ್ದರೆ ವಾದಕ್ಕೇ ಆಸ್ಪದವಿಲ್ಲ.

ಪಾವಗಡದವರ ಕಷ್ಟವೇ ಬೇರೆ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ, ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರ್ ಆಸುಪಾಸು. ಹುಡುಗ ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಓದಿದ್ದರೆ ದಾಖಲೆ ತೆಲುಗಿನಲ್ಲಿರುತ್ತದೆ. ಅದನ್ನು ತರಲು ಒಬ್ಬರು, ಹದಿನೆಂಟು ತುಂಬದವರ ಕೇಸು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಲು ಇನ್ನೊಬ್ಬರು ಎಂದು ಮೊದಲೇ ಹಂಚಿಕೊಳ್ಳಿ, ಒಬ್ಬರೇ ಎರಡೂ ಕಡೆ ಹೋಗಲು ಹೊರಟರೆ ಹೊತ್ತು ಮೀರುತ್ತದೆ. ಶಾಲೆಯವರಿಂದ ಫೋಟೊ ತರಿಸಿ ವಕೀಲರ ವಾಟ್ಸಾಪ್‌ಗೆ ಕಳಿಸಿ. ಅಸಲು ಪ್ರತಿಗೆ ಸಮಯ ಕೇಳಲು ಅದು ಸಾಕು.

ಕರೆದೊಯ್ದ ಹೊತ್ತಿನಿಂದ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ಇರಬೇಕು. ಭಾನುವಾರ, ಮಂಡಳಿ ಕೂರುವುದಿಲ್ಲ ಎಂಬುದು ನೆಪ. ಮಂಡಳಿ ಕೂರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್ಐ ದರ್ಜೆಗೆ ಕಡಿಮೆಯಿಲ್ಲದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಮೊದಲು ಅವರನ್ನೇ ಕೇಳಿ. ಇನ್ನೊಂದು ಮಾತು: ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಘೋರ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದು ಎಂಬ ಆರೋಪ ಇಲ್ಲದಿದ್ದರೆ, ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ ಎಫ್ಐಆರ್ ಹಾಕುವಂತೆಯೇ ಇಲ್ಲ, ಠಾಣೆಯ ದಿನಚರಿಯಲ್ಲಿ ನಮೂದಿಸಿದರೆ ಸಾಕು.

ಜಾಮೀನಿನ ವಿಷಯದಲ್ಲಿ ಬಾಲನ್ಯಾಯ ಕಾಯ್ದೆ ನಿಜಕ್ಕೂ ಉದಾರವಾಗಿದೆ. ಅದರ 12ನೇ ಕಲಂನಲ್ಲಿ ಬಿಡುಗಡೆಯೇ ನಿಯಮ, ಶ್ಯೂರಿಟಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪಹಣಿ ಇರುವ ಜಾಮೀನುದಾರರನ್ನು ಹುಡುಕಿಕೊಡುತ್ತೇವೆ ಎಂದು ಕೋರ್ಟ್ ಹತ್ತಿರ ಸಿಗುವವರಿಗೆ ದುಡ್ಡು ಕೊಡಬೇಡಿ. ನಿರಾಕರಿಸುವುದಾದರೆ ಕಾರಣ ಬರೆಯಬೇಕು: ಅಪರಾಧಿಗಳ ಸಹವಾಸ, ಹುಡುಗನಿಗೇ ಅಪಾಯ, ನ್ಯಾಯದ ಉದ್ದೇಶ ಕೆಡುವುದು, ಈ ಮೂರೇ. ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಷರತ್ತು ಪೂರೈಸಲಾಗದಿದ್ದರೆ ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಬದಲಿಸಬೇಕು.

ಸೇವೆಯ ಸೊರಗಿದ ಭಾಗ ಸಾಮಾಜಿಕ ತನಿಖಾ ವರದಿ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಎರಡು ವಾರದಲ್ಲಿ ಕೊಡಬೇಕಾದ ಇದು ಹುಡುಗನ ಮನೆ, ಓದು, ಗೆಳೆತನದ ಚಿತ್ರ. ಅವಸರದಲ್ಲಿ ತುಂಬಿದ ವರದಿಯಲ್ಲಿ ‘ಬಡ ಕುಟುಂಬ, ಶಾಲೆ ಬಿಟ್ಟಿದ್ದಾನೆ’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ, ಅಂಥ ವರದಿ ಹುಡುಗನ ವಿರುದ್ಧವೇ ಓದಿಸಿಕೊಳ್ಳುತ್ತದೆ. ಅಧಿಕಾರಿ ಮನೆಗೆ ಬಂದಾಗ ಶಾಲೆಯ ಹಾಜರಾತಿ, ಚಿಕಿತ್ಸೆಯ ಚೀಟಿ, ಬಿಡುಗಡೆಯಾದರೆ ಅವನನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಓದಿಸುತ್ತಾರೆ ಎಂಬ ಬರಹ ಸಿದ್ಧವಿರಲಿ. ವಿಚಾರಣೆಗೆ ನಾಲ್ಕು ತಿಂಗಳ ಮಿತಿ, ಮಂಡಳಿ ಹೆಚ್ಚೆಂದರೆ ಇನ್ನೆರಡು ಕೊಡಬಹುದು. ಸಣ್ಣ ಅಪರಾಧವಾದರೆ ಆ ಅವಧಿ ಮೀರಿದ ಕೇಸು ಅಲ್ಲಿಗೇ ಮುಗಿಯುತ್ತದೆ. ತಾರೀಖು ಎಣಿಸುವ ಕೆಲಸ ಮನೆಯವರದೇ, ಬೇರೆ ಯಾರೂ ಎಣಿಸುವುದಿಲ್ಲ.

ತಪ್ಪು ವಯಸ್ಸು ದಾಖಲಾಗಿ ಹುಡುಗ ಈಗಾಗಲೇ ದೊಡ್ಡವರ ಜೈಲು ಸೇರಿದ್ದರೆ? ಅಲ್ಲಿ ಅಪಾಯ ಮೊದಲ ವಾರದಲ್ಲೇ ಶುರುವಾಗುತ್ತದೆ. ಹೊಸಬ, ಚಿಕ್ಕವ, ಕೈಯಲ್ಲಿ ಕಾಸಿಲ್ಲ. ಸೋಪು, ಬೀಡಿ, ಫೋನ್ ಕೊಡಿಸಿದವನ ಋಣಕ್ಕೆ ಬೀಳುತ್ತಾನೆ, ಆ ಋಣ ಹೊರಗೂ ಬೆನ್ನು ಬಿಡುವುದಿಲ್ಲ. ಆದ್ದರಿಂದ ಕಾಯುತ್ತ ಕೂರಬೇಡಿ. ಬಾಲನ್ಯಾಯ ಕಾಯ್ದೆಯ 9ನೇ ಕಲಂ ಅಡಿ, ತಾನು ಅಪ್ರಾಪ್ತನೆಂಬ ವಾದವನ್ನು ಯಾವ ಕೋರ್ಟಿನಲ್ಲೂ, ಯಾವ ಹಂತದಲ್ಲೂ, ಕೇಸು ಮುಗಿದ ಮೇಲೂ ಎತ್ತಬಹುದು. ಕಾನೂನು ಸೇವಾ ಪ್ರಾಧಿಕಾರದ ಪರವಾಗಿ ಜೈಲಿಗೆ ಬರುವ ಪ್ಯಾರಾ ಲೀಗಲ್ ಸ್ವಯಂಸೇವಕರಿಗೆ ಹೇಳಿದರೂ ಅರ್ಜಿ ಸಿದ್ಧವಾಗುತ್ತದೆ. ಜೈಲುಗಳಲ್ಲಿರುವ ಇಂಥ ಮಕ್ಕಳನ್ನು ಗುರುತಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2024ರ ಆರಂಭದಲ್ಲಿ ದೇಶದಾದ್ಯಂತ ಅಭಿಯಾನವನ್ನೇ ನಡೆಸಿತು. ಅದು ಒಂದು ಸಲದ ಕೆಲಸವಾಗಬಾರದಿತ್ತು. ಜೈಲು ಪ್ರವೇಶದ ದಿನವೇ, ಇಪ್ಪತ್ತೊಂದರೊಳಗೆ ಕಾಣುವ ಪ್ರತಿಯೊಬ್ಬನಿಗೂ ಶಾಲೆ ಯಾವುದು ಎಂದು ಕೇಳಿ ಅಲ್ಲಿಂದ ದಾಖಲೆ ತರಿಸುವ ಪದ್ಧತಿ ಬಂದರೆ ಅರ್ಧ ಸಮಸ್ಯೆ ಗೇಟಿನಲ್ಲೇ ನಿಲ್ಲುತ್ತದೆ.

ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ಹುಡುಗ ಇದ್ದರೆ ಭೇಟಿಗೆ ಹೋದಾಗ ಕಣ್ಣಾಡಿಸಿ: ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಸ್ನಾನದ ಕೋಣೆ, 25 ಮಕ್ಕಳ ಮಲಗುವ ಕೋಣೆಗೆ 1,000 ಚದರಡಿ, ಚಿಕ್ಕವರು ದೊಡ್ಡವರು ಬೇರೆ ಬೇರೆ. ಕಡಿಮೆ ಕಂಡರೆ, ಮಗು ಗಾಯ ತೋರಿಸಿದರೆ ದೂರು ಬಾಲನ್ಯಾಯ ಮಂಡಳಿಗೇ ಕೊಡಿ. ತಿಂಗಳಿಗೆ ಒಮ್ಮೆಯಾದರೂ ಅಲ್ಲಿಗೆ ಹೋಗಿ ನೋಡುವುದು ಮಂಡಳಿಯ ಕರ್ತವ್ಯ. ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ತಾರೀಖು ಹಾಕಿ ಎರಡು ಪ್ರತಿ ಬರೆಯಿರಿ, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹುಡುಗನ ಫೋಟೊ, ಹೆಸರು ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ. ಅದೇ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಗುರುತು ಬಯಲು ಮಾಡುವವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.